ನಾಲ್ಕು ಮಿಲಿಮೀಟರ್

ಚೋಡಣದಿಂದ ರಾಯಬಂದರಿಗೆ ಫೆರಿ.
ಹೊಳೆ ದಾಟಲು ಹತ್ತು ನಿಮಿಷ,
ಹತ್ತು ನಿಮಿಷಕ್ಕೆ ಒಂದೂವರೆ ಪುಟ,
ಯಾರ ಮೀನಬುಟ್ಟಿಯೂ ಕಾಲಿಗೆ ತಾಗದಿದ್ದರೆ ಎರಡು.

ನೀರಿನ ಗೆರೆ ನೂರೆಂಬತ್ತು ಡಿಗ್ರಿ.
ಫೆರಿಯ ಕಂಬ ತೊಂಬತ್ತು.
ದಂಡೆಗೆ ಇಳಿಬಿಡುವ ಕಬ್ಬಿಣದ ಹಲಗೆ ಇದೆಯಲ್ಲ,
ಬೈಕುಗಳು ಗುರ್ರೆಂದು ಏರುವ ಆ ಓರೆ,
ಅದೇ ಫ್ರೇಮು ಕೆನ್ನೆಯ ಕಡೆ ವಾಲುವ ಕೋನ
ಎಂದು ನೆನಪಿಟ್ಟುಕೊಂಡಿದ್ದೇನೆ.
ಪುಸ್ತಕದಲ್ಲಿ ಅದಕ್ಕೊಂದು ಹೆಸರು, ಪ್ಯಾಂಟೋಸ್ಕೋಪಿಕ್,
ಬಾಯಲ್ಲಿ ನಿಲ್ಲುವುದಿಲ್ಲ.
ಹದಿನಾಲ್ಕು ವರ್ಷ ಹೆಬ್ಬೆರಳಿನಿಂದ ಬಗ್ಗಿಸಿದ್ದೇನೆ
ಹೆಸರು ಕೇಳದೆ.

ಕಾಯ್ತಾನ್ ಬಾಬ್ ಹೇಳಿದರು,
"ಕಸ್ತೂರೀ, ಗೋಡೆಗೆ ಇನ್ನು ನಿನ್ನ ಸರ್ಟಿಫಿಕೇಟು ಬೇಕು.
ನನ್ನದು ನನ್ನ ಜೊತೆ ಹೋಗುತ್ತದೆ."
ಅವರಿಗೆ ಎಪ್ಪತ್ತೊಂದು. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ,
ಆದರೂ ಸ್ಕ್ರೂ ಕೆಳಗೆ ಬಿದ್ದರೆ ನನ್ನನ್ನೇ ಕರೆಯುತ್ತಾರೆ.

ಅಪ್ಪ ಸವದತ್ತಿಯಿಂದ ಇಲ್ಲಿಗೆ ಬಂದದ್ದು ಕಲ್ಲು ಒಡೆಯಲು.
ನಾನು ಗಾಜು ತಿಕ್ಕುತ್ತೇನೆ. ಧೂಳು ಇಬ್ಬರದೂ ಬಿಳಿ.
"ಈ ಘಾಂಟಿ ಹೆಂಗಸಿಗೆ ಏನು ತಿಳಿಯುತ್ತದೆ" ಎಂದ ಗಿರಾಕಿಯ
ಮೂಗಿನ ಮೇಲೂ ಫ್ರೇಮು ಕೂಡಿಸಿ ಕಳಿಸಿದ್ದೇನೆ,
ಕೂದಲೆಳೆಯಷ್ಟೂ ಜಾರದ ಹಾಗೆ.

ರಾತ್ರಿ ಮೆಲ್ವಿನಾ ಫೋನಿನಲ್ಲಿ ಕೇಳುತ್ತಾಳೆ:
ಪ್ಲಸ್ ಎರಡು, ಮೈನಸ್ ಅರ್ಧ, ಅಕ್ಷ ನೂರೆಂಬತ್ತು,
ತಿರುಗಿಸಿ ಹೇಳು.
ಅನ್ನ ಬಸಿಯುತ್ತ ಹೇಳುತ್ತೇನೆ:
ಕೂಡಿಸಿದರೆ ಒಂದೂವರೆ,
ಚಿಹ್ನೆ ಬದಲಾಗಿ ಪ್ಲಸ್ ಅರ್ಧ, ಅಕ್ಷ ತೊಂಬತ್ತು.
ಗಾಜು ಅದೇ. ಹೇಳುವ ಬಾಯಿ ಬೇರೆ.
ಇದು ನನಗೆ ಸಲೀಸು.
ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ,
ಪರೀಕ್ಷೆಗೆ ಇಂಗ್ಲಿಷು.

ಹಠ ಹಿಡಿದದ್ದು ಪ್ರೆಂಟಿಸ್ ನಿಯಮ.
ಗಾಜಿನ ನಡು ಕಣ್ಣಿನ ನಡುವಿನಿಂದ ಎಷ್ಟು ಸರಿದಿದೆಯೋ
ಅದನ್ನು ಸೆಂಟಿಮೀಟರಿನಲ್ಲಿ ಹಿಡಿದು ನಂಬರಿಗೆ ಗುಣಿಸು,
ಬಂದದ್ದು ಪ್ರಿಸಮ್ಮು.
ಬರೆದು ಬರೆದು ಬಾಯಿಪಾಠವಾಯಿತು,
ತಲೆಗೆ ಇಳಿಯಲಿಲ್ಲ.

ಗುರುವಾರ ರೆಮೆದಿನಾ ಬಂದಳು,
ಮಾರುಕಟ್ಟೆಯಿಂದ ನೇರ, ಕೈಯನ್ನು ಸೆರಗಿಗೆ ಒರೆಸುತ್ತ.
ಮೂಗಿನ ಮೇಲೆ ಅಗಲ ಕಂದು ಫ್ರೇಮು, ಗಂಡಸರದ್ದು.
"ನಮ್ಮವನದು. ನಂಬರು ಇಬ್ಬರದೂ ಒಂದೇ.
ಕಡ್ಡಿ ಸಡಿಲಾಗಿದೆ, ಬಿಗಿ ಮಾಡು."
ಮಾಡುತ್ತಿರುವಾಗ ಹೇಳಿದಳು, ತಲೆನೋವು.
ಅವನು ಹೋದಾಗಿನಿಂದ. ಹನ್ನೊಂದು ತಿಂಗಳು.
ಪಾದ್ರಿ ಅಂದರಂತೆ, ದುಃಖ.
ಮಗಳು ಅಂದಳಂತೆ, ಪಿತ್ತ.

ಲೆನ್ಸ್‌ಮೀಟರಿನ ಹಸಿರು ಗೆರೆಗಳು ಕೂಡಿಕೊಂಡವು,
ಚುಕ್ಕಿ ಇಟ್ಟೆ, ಸ್ಕೇಲು ಹಿಡಿದೆ.
ಅವನ ಗಾಜುಗಳ ನಡುವಿನ ಅಂತರ ಅರವತ್ತಾರು.
ಅವಳ ಕಣ್ಣುಗಳದು ಐವತ್ತೆಂಟು.
ಒಂದೊಂದು ಕಡೆಗೆ ನಾಲ್ಕು ಮಿಲಿಮೀಟರ್.
ನಂಬರು ಎರಡೂವರೆ.
ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದೆ:
ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು.
ದಿನವಿಡೀ ಅವಳ ಎರಡೂ ಕಣ್ಣು
ಅವನ ಮುಖದ ಅಗಲಕ್ಕೆ ಹೊಂದಿಕೊಳ್ಳಲು
ಒಳಗೊಳಗೆ ಜಗ್ಗಿಕೊಂಡಿವೆ.

ಹೇಳಬೇಕೆ? ಇದು ದುಃಖವಲ್ಲ ರೆಮೆದಿನಾ,
ಗುಣಾಕಾರ, ಎಂದು?
ಈ ಪ್ರಶ್ನೆಗೆ ಕೆಳಗೆ ನಾಲ್ಕು ಉತ್ತರ ಕೊಟ್ಟಿಲ್ಲ.

"ಹೊಸ ಗಾಜು ಹಾಕಲೇ?"
"ಬೇಡ. ಇವೇ ಇರಲಿ."
ಹಾಗಾದರೆ ಚಿಕ್ಕ ಫ್ರೇಮು ಆರಿಸು ಅಂದೆ.
ಅವನ ಗಾಜನ್ನೇ ಕಲ್ಲಿಗೆ ಕೊಟ್ಟು,
ನಡುವನ್ನು ಮೂಗಿನ ಕಡೆ ಸರಿಸಿ,
ಸುತ್ತಲಿನ ಅಂಚನ್ನು ತಿಕ್ಕಿ ತೆಗೆದೆ.
ನೀರಿನಲ್ಲಿ ಬೆಳ್ಳಗೆ ಹರಿದುಹೋಯಿತು.
ಹಾಕಿಕೊಂಡು ಗೋಡೆಯ ಕ್ಯಾಲೆಂಡರು ನೋಡಿದಳು,
ನನ್ನನ್ನು ನೋಡಿದಳು,
"ಇವು ಅವನವೇ ತಾನೇ?"
"ಅವನವೇ. ಅಂಚು ಹೋಯಿತು, ಅಷ್ಟೆ."
ತೆರೆದಿದ್ದ ನನ್ನ ಪುಸ್ತಕದ ಮೇಲೆ ದುಡ್ಡಿಟ್ಟು ಹೋದಳು.

ಎರಡು ದಿನದಿಂದ ಮಾರುಕಟ್ಟೆಯಲ್ಲಿ ಅವಳಿಲ್ಲ.
ತಲೆನೋವು ನಿಂತಿತೋ ಇಲ್ಲವೋ.
ಭಾನುವಾರ ಪರೀಕ್ಷೆ, ಮೊದಲ ಫೆರಿ ಹಿಡಿಯಬೇಕು.
ಇವತ್ತು ಹೊಳೆಯ ನಡುವೆ ಪುಸ್ತಕ ಬಿಚ್ಚಿದರೆ
ಆ ಪುಟದಲ್ಲೇ ಮೀನಿನದೊಂದು ಹುರುಪೆ,
ಒಣಗಿ ಅಂಟಿಕೊಂಡಿದೆ.
ಕೆಳಗಿನ ಅಕ್ಷರ ತುಸು ಓರೆ ಕಾಣುತ್ತದೆ,
ಓದಲು ಬರುತ್ತದೆ.
ಕೀಳಲಿಲ್ಲ.